ಮೂರು ಮನೆಯ ಆಟ, ಒಂದು ಜೀವಮಾನದ ಕೆಲಸ

ಮೆಕ್ಕೆಜೋಳದ ಒಕ್ಕಣೆ ಮುಗಿದ ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಜಗಳೂರಿನ ನಮ್ಮ ಮನೆಗೆ ಬಂದರು. ಕೈಯಲ್ಲಿ ಮಡಿಸಿದ ಒಂದು ಕಾಗದ. ಕುಳಿತು ನೀರು ಕುಡಿದ ಮೇಲೆ ಕಾಗದವನ್ನು ನನ್ನ ಮುಂದಿಟ್ಟರು.

"ಸಾ, ನಮ್ ಹುಡುಗಿಗೆ ಬೆಂಗಳೂರಾಗೆ ಕೆಲಸ ಕೊಡ್ತೀವಿ ಅಂತ ಕಂಪನಿಯೋರು ಬರೆದಾರೆ. ಪರೀಕ್ಷೆ ಮುಗಿದ ಕೂಡ್ಲೆ ಬಾ ಅಂತಾರೆ. ಇವಳು ಒಲ್ಲೆ ಅಂತಾಳೆ. ಇನ್ನೂ ಓದ್ತಾಳಂತೆ. ಅದೇನೋ ಆಟೊಮಾಟ ಅಂತೆ. ಕಂಪ್ಯೂಟ್ರು ಓದ್ತೀನಿ ಅಂದಾಗ ಸರಿ ಅಂದಿದ್ದೆ. ಈಗ ಕೇಳಿದ್ರೆ ಇದಕ್ಕೆ ಕಂಪ್ಯೂಟ್ರು ಮುಟ್ಟೋದೇ ಬ್ಯಾಡ, ಹಾಳೆ ಪೆನ್ಸಿಲ್ಲು ಸಾಕು ಅಂತಾಳೆ. ಅಲ್ಲ ಸಾ, ಹಾಳೆ ಪೆನ್ಸಿಲ್ ಹಿಡ್ಕಂಡು ಕುಂತ್ರೆ ಯಾರು ಸಂಬಳ ಕೊಡ್ತಾರೆ? ಅದ್ರಿಂದ ಯಾರಿಗೇನು ಉಪಯೋಗ?"

ಹುಡುಗಿ ದಾವಣಗೆರೆಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಅವಳಿಗೆ ಎಂಟನೇ ತರಗತಿಯಿಂದ ಎಸ್ಸೆಸ್ಸೆಲ್ಸಿಯವರೆಗೆ ವಿಜ್ಞಾನ ಕಲಿಸಿದವನು ನಾನು. ತಂದೆಗೆ ನಾಲ್ಕು ಎಕರೆ ಮಳೆಯಾಶ್ರಿತ ಜಮೀನು, ಒಂದು ಕೊಳವೆಬಾವಿ, ಇನ್ನೊಬ್ಬ ಮಗ ಪಿ.ಯು.ಸಿ.ಯಲ್ಲಿ. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಉತ್ತರ ಮಾತ್ರ ನನ್ನ ಬಳಿ ಇರಲಿಲ್ಲ. ನಾನು ಬಿ.ಎಸ್ಸಿ. ಓದುವಾಗ ಕಂಪ್ಯೂಟರನ್ನು ಕಂಡದ್ದು ಪತ್ರಿಕೆಯ ಚಿತ್ರದಲ್ಲಿ. ಬೆಳಕಿನ ವಕ್ರೀಭವನ, ಓಮನ ನಿಯಮ ಇವುಗಳ ಬಗ್ಗೆ ಕೇಳಿದ್ದರೆ ಕೂಡಲೇ ಹೇಳುತ್ತಿದ್ದೆ. "ಒಂದೆರಡು ವಾರ ಸಮಯ ಕೊಡಿ, ಓದಿ ನೋಡಿ ಹೇಳುತ್ತೇನೆ" ಎಂದು ಕಳಿಸಿದೆ.

ಹಾಗೆ ಓದಲು ಹೋದಾಗ ಸಿಕ್ಕಿದ್ದು ಪ್ರೀತಿ ಶಂಕರ್ ಎಂಬ ವಿಜ್ಞಾನಿಯ ಕೆಲಸ. ಅವರ ಹೆಸರು ನನಗೆ ಹೊಸದಾಗಿರಲಿಲ್ಲ. ಅದಕ್ಕೊಂದು ಹಿನ್ನೆಲೆಯಿದೆ, ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ.

ಬಹಳ ವರ್ಷಗಳ ಹಿಂದೆ ನಮ್ಮ ಶಾಲೆಯ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು. ರಾತ್ರಿ ಕುಳಿತು ತುಂಬುವಾಗ ಒಬ್ಬ ಹುಡುಗನ ಬ್ಯಾಂಕ್ ಖಾತೆ ಸಂಖ್ಯೆಯ ಎರಡು ಅಂಕಿಗಳನ್ನು ಅದಲುಬದಲು ಬರೆದುಬಿಟ್ಟೆ. 37 ಇದ್ದದ್ದು 73 ಆಯಿತು. ಯಾರೂ ಗಮನಿಸಲಿಲ್ಲ. ಆ ವರ್ಷ ಅವನಿಗೆ ಹಣ ಬರಲಿಲ್ಲ. ಅವನ ತಾಯಿ ಮೂರು ಸಲ ಶಾಲೆಗೆ ಬಂದು ಹೋದರು. ತಪ್ಪು ಪೂರ್ತಿ ನನ್ನದು. ಅದಾದ ಕೆಲವು ದಿನಗಳಿಗೆ ದಾವಣಗೆರೆಯ ಕಾಲೇಜೊಂದರ ಗ್ರಂಥಾಲಯದಲ್ಲಿ 'ರೆಸೊನೆನ್ಸ್' ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತಿರುವಿಹಾಕುತ್ತಿದ್ದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಎಂದೇ 1996ರ ಜನವರಿಯಲ್ಲಿ ಆರಂಭಿಸಿದ ಮಾಸಪತ್ರಿಕೆ ಅದು. ಅದೇ ವರ್ಷದ ಒಂದು ಸಂಚಿಕೆಯಲ್ಲಿ, ಸಂಖ್ಯೆಗಳು ತಮ್ಮನ್ನು ತಾವೇ ಹೇಗೆ ಕಾಪಾಡಿಕೊಳ್ಳುತ್ತವೆ ಎಂಬ ಅರ್ಥದ ತಲೆಬರಹವಿತ್ತು. ಲೇಖಕಿ ಪ್ರೀತಿ ಶಂಕರ್. ಕಣ್ಣು ಅಲ್ಲೇ ನಿಂತಿತು.

ಸಂಖ್ಯೆಯ ಕೊನೆಗೆ ಒಂದು ಅಂಕಿಯನ್ನು ಲೆಕ್ಕ ಹಾಕಿ ಸೇರಿಸಿಬಿಟ್ಟರೆ, ಯಾರಾದರೂ ನಡುವೆ ತಪ್ಪು ಬರೆದಾಗ ಆ ಸಂಖ್ಯೆಯೇ 'ನಾನು ಸರಿಯಿಲ್ಲ' ಎಂದು ಹೇಳುತ್ತದೆ. ಪುಸ್ತಕಗಳ ಬೆನ್ನ ಮೇಲಿರುವ ಐ.ಎಸ್.ಬಿ.ಎನ್. ಸಂಖ್ಯೆಯ ಕೊನೆಯ ಅಂಕಿ ಅಂಥದ್ದು. ಇಂದು ನಮ್ಮೆಲ್ಲರ ಬಳಿ ಇರುವ ಆಧಾರ್ ಸಂಖ್ಯೆಯನ್ನೇ ತೆಗೆದುಕೊಳ್ಳಿ. 12 ಅಂಕಿಗಳಲ್ಲಿ ಕೊನೆಯದು ಕಾವಲಿನ ಅಂಕಿ. ಡಚ್ ಗಣಿತಜ್ಞ ವೆರ್‌ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನ. ಯಾವುದೇ ಒಂದು ಅಂಕಿ ತಪ್ಪಾದರೂ, ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಅದು ಹಿಡಿದೇ ಹಿಡಿಯುತ್ತದೆ. ನಾನು ತುಂಬಿದ ಅರ್ಜಿಯಲ್ಲಿ ಅಂಥ ಕಾವಲಿದ್ದರೆ ಆ ತಾಯಿ ಮೂರು ಸಲ ಬಿಸಿಲಲ್ಲಿ ನಡೆಯಬೇಕಿರಲಿಲ್ಲ.

ಯಾರು ಈ ಪ್ರೀತಿ ಶಂಕರ್?

1947ರಲ್ಲಿ ಜನಿಸಿದ ಅವರು ದೆಹಲಿಯ ಐ.ಐ.ಟಿ.ಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ 1968ರಲ್ಲಿ ಬಿ.ಟೆಕ್. ಪದವಿ ಪಡೆದರು. ಆ ಸಂಸ್ಥೆಯಿಂದ ಪದವಿ ಪಡೆದ ಮೊದಲ ಮಹಿಳೆ ಅವರು. ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು, ಆದರೆ ಹೆಣ್ಣುಮಕ್ಕಳ ತಂದೆತಾಯಿಯರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 'ಹುಡುಗಿಗೆ ಎಂಜಿನಿಯರಿಂಗ್ ಏಕೆ' ಎಂಬುದು ಪ್ರಶ್ನೆಯೇ ಅಲ್ಲ, ಉತ್ತರವೆಂದೇ ಭಾವಿಸುತ್ತಿದ್ದ ಕಾಲ ಅದು. ಮುಂದೆ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ ಡಾಕ್ಟರೇಟ್ ಮುಗಿಸಿದರು. ಎಪ್ಪತ್ತರ ದಶಕದ ಮೊದಲಲ್ಲೇ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆ ಅದು. ಹತ್ತಿರ ಹತ್ತಿರ ನಾಲ್ಕು ದಶಕ, 2011ರ ಅಕ್ಟೋಬರ್ 17ರಂದು ತೀರಿಕೊಳ್ಳುವವರೆಗೂ, ಅವರ ಕರ್ಮಭೂಮಿ ಅದೇ. ಅಲ್ಲಿನ ಕಂಪ್ಯೂಟರ್ ವಿಜ್ಞಾನ ಮತ್ತು ಆಟೊಮೇಷನ್ ವಿಭಾಗದಲ್ಲಿ ಪ್ರಾಧ್ಯಾಪಕಿಯಾಗಿದ್ದರು. ಕಲಿಸಿದ್ದು, ಸಂಶೋಧಿಸಿದ್ದು ಮುಖ್ಯವಾಗಿ ಮೂರು ವಿಷಯಗಳಲ್ಲಿ: ಆಟೊಮಾಟಾ ಸಿದ್ಧಾಂತ, ಕಂಪೈಲರ್‌ಗಳು, ತಪ್ಪು ತಿದ್ದುವ ಸಂಕೇತಗಳು.

ಮೂರೂ ಬೇರೆ ಬೇರೆ ಎಂದು ಮೇಲುನೋಟಕ್ಕೆ ಕಾಣುತ್ತದೆ. ಅವು ಹೇಗೆ ಕೂಡಿಕೊಂಡವು ಎಂಬುದೇ ನನಗೆ ಅವರ ಬದುಕಿನಲ್ಲಿ ಅತ್ಯಂತ ರುಚಿಕರವಾಗಿ ಕಂಡದ್ದು. ಅದಕ್ಕೆ ಮೊದಲು ಆಟೊಮಾಟ ಎಂದರೇನೆಂದು ತಿಳಿಯಬೇಕಲ್ಲ!

ಸ್ಟಾರ್ಟರ್ ಮತ್ತು ಕುಂಟೆಬಿಲ್ಲೆ

ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯನ್ನು ನೋಡದ ಮಕ್ಕಳು ನಮ್ಮ ತಾಲ್ಲೂಕಿನಲ್ಲಿ ಇರಲಾರರು. ಹಸಿರು ಗುಂಡಿ, ಕೆಂಪು ಗುಂಡಿ. ಹಸಿರು ಒತ್ತಿದರೆ ಮೋಟಾರು ಓಡುತ್ತದೆ. ಓಡುತ್ತಿರುವಾಗ ಮತ್ತೆ ಹಸಿರು ಒತ್ತಿದರೆ? ಏನೂ ಆಗುವುದಿಲ್ಲ. ಕೆಂಪು ಒತ್ತಿದರೆ ನಿಲ್ಲುತ್ತದೆ. ಕರೆಂಟು ಹೋದರೂ ನಿಲ್ಲುತ್ತದೆ. ಮತ್ತೆ ಕರೆಂಟು ಬಂದಾಗ ತಾನಾಗಿ ಓಡುವುದಿಲ್ಲ, ಹಸಿರು ಗುಂಡಿಗಾಗಿ ಕಾಯುತ್ತದೆ. ಅಂದರೆ ಈ ಡಬ್ಬಿಗೆ ನೆನಪಿರುವುದು ಒಂದೇ ಸಂಗತಿ: ನಾನೀಗ 'ಓಡುವ' ಮನೆಯಲ್ಲಿದ್ದೇನೆಯೋ, 'ನಿಂತ' ಮನೆಯಲ್ಲಿದ್ದೇನೆಯೋ. ನಿನ್ನೆ ಎಷ್ಟು ಸಲ ಗುಂಡಿ ಒತ್ತಿದರು, ಯಾರು ಒತ್ತಿದರು, ಅದಕ್ಕೆ ಬೇಕಿಲ್ಲ. ಎರಡು ಮನೆ, ಮೂರು ಸಂಜ್ಞೆ, ಯಾವ ಮನೆಯಲ್ಲಿ ಯಾವ ಸಂಜ್ಞೆ ಬಂದರೆ ಯಾವ ಮನೆಗೆ ಹೋಗಬೇಕೆಂಬ ಪಟ್ಟಿ. ಇದೇ ಆಟೊಮಾಟನ್. ಇದರ ಬಹುವಚನ ಆಟೊಮಾಟ. ಮನೆಗಳ ಸಂಖ್ಯೆಗೆ ಮಿತಿ ಇರುವುದರಿಂದ ಇದನ್ನು ಪರಿಮಿತ ಆಟೊಮಾಟನ್ ಎನ್ನುತ್ತಾರೆ.

'ಇಷ್ಟೇನಾ' ಎನಿಸುತ್ತದೆ. ನನಗೂ ಹಾಗೆಯೇ ಅನಿಸಿತು. ಆದ್ದರಿಂದ ಎಂಟನೇ ತರಗತಿಯಲ್ಲಿ ಒಂದು ಆಟ ಆಡಿಸಿ ನೋಡಿದೆ. ನೆಲದ ಮೇಲೆ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಹಾಗೆ ಮೂರು ಮನೆ ಬರೆಯಿರಿ. ಅವುಗಳಿಗೆ 0, 1, 2 ಎಂದು ಹೆಸರಿಡಿ. ಒಬ್ಬ ಹುಡುಗಿ 0 ಮನೆಯಲ್ಲಿ ನಿಲ್ಲಲಿ. ಇನ್ನೊಬ್ಬರು ಯಾವುದಾದರೂ ದೊಡ್ಡ ಸಂಖ್ಯೆಯ ಅಂಕಿಗಳನ್ನು ಎಡದಿಂದ ಒಂದೊಂದಾಗಿ ಕೂಗಲಿ. 0, 3, 6, 9 ಎಂದರೆ ನಿಂತಲ್ಲೇ ನಿಲ್ಲಬೇಕು. 1, 4, 7 ಎಂದರೆ ಒಂದು ಮನೆ ಮುಂದೆ. 2, 5, 8 ಎಂದರೆ ಎರಡು ಮನೆ ಮುಂದೆ. 2ನೇ ಮನೆಯಿಂದ ಮುಂದೆ ಹೋದರೆ ಮತ್ತೆ 0.

ನಮ್ಮ ಜಗಳೂರಿನ ಪಿನ್‌ಕೋಡ್ 577528 ಕೂಗಿಸಿದೆ. 5 ಎಂದಾಗ ಹುಡುಗಿ 2ನೇ ಮನೆಗೆ ಹಾರಿದಳು. 7 ಎಂದಾಗ 0ಗೆ ಬಂದಳು. ಮತ್ತೆ 7, 1ನೇ ಮನೆ. 5 ಎಂದಾಗ 0, 2 ಎಂದಾಗ 2, 8 ಎಂದಾಗ 1. ಕೊನೆಗೆ ನಿಂತದ್ದು 1ನೇ ಮನೆಯಲ್ಲಿ. ಆ ಸಂಖ್ಯೆಯನ್ನು 3ರಿಂದ ಭಾಗಿಸಿ ನೋಡಿ, ಶೇಷ 1 ಬರುತ್ತದೆ. ಸಂಖ್ಯೆ ಆರು ಅಂಕಿಯದಿರಲಿ, ಆರು ಸಾವಿರ ಅಂಕಿಯದಿರಲಿ, ಹುಡುಗಿ ಹಿಂದಿನ ಅಂಕಿಗಳನ್ನು ನೆನಪಿಡಬೇಕಿಲ್ಲ, ಕೂಡಬೇಕಿಲ್ಲ, ಭಾಗಾಕಾರವೇ ಬೇಕಿಲ್ಲ. ನಿಂತ ಮನೆಯೇ ಅವಳ ನೆನಪು. ತರಗತಿಯಲ್ಲಿ ಆ ದಿನ ಗಂಟೆ ಹೊಡೆದರೂ ಯಾರೂ ಎದ್ದು ಹೋಗಲಿಲ್ಲ. 'ಸಾರ್, 7ರಿಂದ ಭಾಗಿಸೋಕೆ ಎಷ್ಟು ಮನೆ ಬೇಕು' ಎಂದು ಒಬ್ಬ ಕೇಳಿದ. ಪ್ರಶ್ನೆ ನಿಮಗೇ ಬಿಟ್ಟಿದ್ದೇನೆ. ಹಾರುವ ನಿಯಮ ಮಾತ್ರ ಇಲ್ಲಿನಷ್ಟು ಸುಲಭವಲ್ಲ, ಯಾವ ಮನೆಯಲ್ಲಿ ನಿಂತಿದ್ದೀರಿ ಎಂಬುದನ್ನೂ ನೋಡಿ ಹಾರಬೇಕು.

ಅಮೆರಿಕದ ಸ್ಟೀಫನ್ ಕ್ಲೀನಿ ಎಂಬ ತರ್ಕಶಾಸ್ತ್ರಜ್ಞ 1950ರ ದಶಕದಲ್ಲಿ ಇಂಥ ಮನೆಗಳ ಆಟ ಏನನ್ನು ಗುರುತಿಸಬಲ್ಲದು, ಏನನ್ನು ಗುರುತಿಸಲಾರದು ಎಂದು ಕರಾರುವಾಕ್ಕಾಗಿ ತೋರಿಸಿದ. 1959ರಲ್ಲಿ ಮೈಕೆಲ್ ರಾಬಿನ್ ಮತ್ತು ಡಾನಾ ಸ್ಕಾಟ್ ಬರೆದ ಪ್ರಬಂಧ ಈ ಕ್ಷೇತ್ರಕ್ಕೆ ಅಡಿಗಲ್ಲಾಯಿತು. ಅದಕ್ಕಾಗಿ 1976ರಲ್ಲಿ ಅವರಿಬ್ಬರಿಗೂ ಟ್ಯೂರಿಂಗ್ ಪ್ರಶಸ್ತಿ ಬಂತು. ಕಂಪ್ಯೂಟರ್ ವಿಜ್ಞಾನಕ್ಕೆ ನೊಬೆಲ್ ಇಲ್ಲ, ಟ್ಯೂರಿಂಗ್ ಪ್ರಶಸ್ತಿಯೇ ಅದರ ನೊಬೆಲ್. ಇದೆಲ್ಲ ಹಾಳೆ ಪೆನ್ಸಿಲಿನ ಕೆಲಸ. ಆದರೆ 1968ರಲ್ಲಿ, ಪ್ರೀತಿ ಶಂಕರ್ ಬಿ.ಟೆಕ್. ಮುಗಿಸಿದ ಅದೇ ವರ್ಷ, ಕೆನ್ ಥಾಂಪ್ಸನ್ ಎಂಬಾತ ಕ್ಲೀನಿಯ ಬರಹದ ವಿಧಾನವನ್ನೇ ಹಿಡಿದು ದೊಡ್ಡ ಬರಹದೊಳಗೆ ಬೇಕಾದ ಪದವನ್ನು ಹುಡುಕುವ ತಂತ್ರವನ್ನು ಪ್ರಕಟಿಸಿದ. ನಾವು ಇಂದು ಕಂಪ್ಯೂಟರಿನಲ್ಲಿ ಒಂದು ಕಡತ ತೆರೆದು ಹೆಸರೊಂದನ್ನು ಹುಡುಕುವಾಗ ಹೆಚ್ಚುಕಡಿಮೆ ಈ ಕುಂಟೆಬಿಲ್ಲೆಯೇ ಒಳಗೆ ನಡೆಯುತ್ತಿರುತ್ತದೆ.

ಈ ಆಟೊಮಾಟನ್‌ಗೆ ಒಂದು ಕೊರತೆ ಇದೆ. ಲೆಕ್ಕದಲ್ಲಿ ಬರುವ ಆವರಣ ಚಿಹ್ನೆಗಳನ್ನು ನೆನಪಿಸಿಕೊಳ್ಳಿ. ಎಷ್ಟು ತೆರೆದೆವೋ ಅಷ್ಟನ್ನೇ ಮುಚ್ಚಬೇಕು. ಒಂದರೊಳಗೊಂದು ಎಷ್ಟು ಬೇಕಾದರೂ ತೆರೆಯಬಹುದು ಎಂದಾದರೆ ಮೂರು ಮನೆ ಸಾಲದು, ಮುನ್ನೂರು ಮನೆಯೂ ಸಾಲದು. ಆಗ ಮದುವೆ ಮನೆಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಾರಲ್ಲ, ಅಂಥದೊಂದು ಪೇರಿಕೆಯನ್ನು ಜೊತೆಗೆ ಕೊಡಬೇಕು. ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯಬೇಕು. ಇಲ್ಲಿಂದ ವ್ಯಾಕರಣದ ಲೋಕ ಶುರುವಾಗುತ್ತದೆ.

ವ್ಯಾಕರಣವೆಂದರೆ ನಮ್ಮ ಮಕ್ಕಳು ಮೂಗು ಮುರಿಯುತ್ತಾರೆ. ಆದರೆ ಕನ್ನಡ ಪಾಠದಲ್ಲಿ ಬರುವ ಆದೇಶ ಸಂಧಿಯನ್ನು ನೋಡಿ. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಉತ್ತರಪದದ ಮೊದಲಿನ ಕ, ತ, ಪ ಬಂದಲ್ಲಿ ಗ, ದ, ಬ ಇಡು ಎಂಬ ಆಜ್ಞೆ ಅದು. 'ಇದು ಬಂದರೆ ಇದನ್ನು ಇಡು' ಎಂಬ ಇಂಥ ನಿಯಮಗಳಿಂದಲೇ ಇಡೀ ಭಾಷೆಯನ್ನು ಕಟ್ಟಿ ತೋರಿಸಬಹುದೇ ಎಂಬ ಪ್ರಶ್ನೆಯನ್ನು 1956ರಲ್ಲಿ ನೋಮ್ ಚಾಮ್‌ಸ್ಕಿ ಗಣಿತದ ರೂಪದಲ್ಲಿ ಎತ್ತಿದ. ಅವನು ನೋಡುತ್ತಿದ್ದದ್ದು ಮನುಷ್ಯರ ಭಾಷೆಯನ್ನು, ಉಪಯೋಗಕ್ಕೆ ಬಂದದ್ದು ಯಂತ್ರಗಳ ಭಾಷೆಗೆ. ಇಂಥದ್ದು ವಿಜ್ಞಾನದಲ್ಲಿ ಮೇಲಿಂದ ಮೇಲೆ ಆಗುತ್ತದೆ.

ಕಡಪಾ ಕಲ್ಲಿನ ಲೆಕ್ಕ

ಪ್ರೀತಿ ಶಂಕರ್ ಅವರ ಹೆಸರು ಕಂಪೈಲರ್ ಕ್ಷೇತ್ರದಲ್ಲಿ ಉಳಿದಿರುವುದು ಇಲ್ಲಿ. ನಾವು ಬರೆಯುವ ಪ್ರೋಗ್ರಾಮು ಮನುಷ್ಯರಿಗೆ ಅರ್ಥವಾಗುವ ಭಾಷೆಯಲ್ಲಿರುತ್ತದೆ. ಯಂತ್ರಕ್ಕೆ ತಿಳಿಯುವುದು ಅದರದೇ ಪುಟ್ಟ ಪುಟ್ಟ ಆಜ್ಞೆಗಳು. ನಡುವೆ ನಿಂತು ಅನುವಾದ ಮಾಡುವ ದುಭಾಷಿಯೇ ಕಂಪೈಲರ್. ಅದು ಮೊದಲು ಲೆಕ್ಕವನ್ನು ಕೊಂಬೆರೆಂಬೆಗಳಿರುವ ಮರದಂತೆ ಬಿಡಿಸಿಕೊಳ್ಳುತ್ತದೆ. ಆಮೇಲೆ ಆ ಮರವನ್ನು ಯಂತ್ರದ ಆಜ್ಞೆಗಳಿಂದ ಪೂರ್ತಿ ಮುಚ್ಚಬೇಕು.

ಮನೆಯ ಅಂಗಳಕ್ಕೆ ಕಡಪಾ ಕಲ್ಲು ಹಾಸುವುದನ್ನು ನೋಡಿದ್ದೀರಲ್ಲ? ಅಂಗಡಿಯಲ್ಲಿ ಬೇರೆ ಬೇರೆ ಅಳತೆಯ ಕಲ್ಲುಗಳಿವೆ, ಪ್ರತಿಯೊಂದಕ್ಕೂ ಬೇರೆ ಬೆಲೆ. ಎಲ್ಲೂ ಸಂದು ಬಿಡದೆ ಹಾಸಬೇಕು, ಒಟ್ಟು ಖರ್ಚು ಅತ್ಯಂತ ಕಡಿಮೆ ಇರಬೇಕು. ಯಂತ್ರದ ಆಜ್ಞೆಗಳೂ ಹಾಗೆಯೇ. ಕೆಲವು ಒಂದೇ ಏಟಿಗೆ ದೊಡ್ಡ ಕೆಲಸ ಮಾಡುತ್ತವೆ, ಕೆಲವು ಚಿಕ್ಕವು. 1978ರಲ್ಲಿ ಅಮೆರಿಕದ ಗ್ಲಾನ್‌ವಿಲ್ ಮತ್ತು ಸೂಸನ್ ಗ್ರಹಾಂ ಒಂದು ಚೆಂದದ ಉಪಾಯ ತೋರಿಸಿದ್ದರು: ವಾಕ್ಯದ ವ್ಯಾಕರಣ ಪರೀಕ್ಷಿಸುವ ಪೇರಿಕೆಯ ಆಟೊಮಾಟನ್ನನ್ನೇ ಈ ಕಲ್ಲು ಹಾಸುವ ಕೆಲಸಕ್ಕೂ ಹಚ್ಚುವುದು. ಕೆಲಸ ಬೇಗ ಆಗುತ್ತಿತ್ತು, ಆದರೆ ಆಸೆಬುರುಕನಂತೆ ಕೈಗೆ ಸಿಕ್ಕ ದೊಡ್ಡ ಕಲ್ಲನ್ನು ಮೊದಲು ಹಾಕಿಬಿಡುವ ಸ್ವಭಾವ ಅದಕ್ಕೆ. ಹಾಗಾಗಿ ಒಟ್ಟು ಖರ್ಚು ಅತ್ಯಂತ ಕಡಿಮೆಯೇ ಆಗುತ್ತದೆಂಬ ಭರವಸೆ ಇರಲಿಲ್ಲ. ಪ್ರೀತಿ ಶಂಕರ್ ಮತ್ತು ಅವರ ಸಂಗಡಿಗರು ಆ ವಿಧಾನವನ್ನು ಬೆಳೆಸಿ, ಖರ್ಚು ಅತ್ಯಂತ ಕಡಿಮೆಯೇ ಇರುವಂತೆ ಮಾಡುವ ದಾರಿಯನ್ನು 2000ದಲ್ಲಿ ಪ್ರಕಟಿಸಿದರು.

ಅದರ ಗುಟ್ಟು ಕಿರಾಣಿ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಹಿಂದೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ರೆಡಿ ರೆಕ್ನರ್ ಇರುತ್ತಿತ್ತು. ಗಿರಾಕಿ ನಿಂತಿರುವಾಗ ಗುಣಾಕಾರ ಮಾಡುತ್ತ ಕೂರುವ ಬದಲು, ಯಾರೋ ಎಂದೋ ಮಾಡಿಟ್ಟ ಲೆಕ್ಕವನ್ನು ಪುಟ ತಿರುವಿ ನೋಡಿದರೆ ಮುಗಿಯಿತು. ಹಾಗೆಯೇ ಯಾವ ಸಂದರ್ಭದಲ್ಲಿ ಯಾವ ಕಲ್ಲು ಅಗ್ಗ ಎಂಬ ವಿಚಾರವನ್ನೆಲ್ಲ ಮುಂಚಿತವಾಗಿ ಮಾಡಿ ಆಟೊಮಾಟನ್ನಿನ ಮನೆಗಳೊಳಗೇ ಅಡಗಿಸಿಡುವುದು. ಅನುವಾದದ ಹೊತ್ತಿಗೆ ಮನೆಯಿಂದ ಮನೆಗೆ ಹಾರಿದರೆ ಸಾಕು. 2002ರಲ್ಲಿ ಇದೇ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಅವರೊಡನೆ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ ದೊಡ್ಡ ಗ್ರಂಥವಾಗಿ ಹೊರಬಂತು. 2007ರಲ್ಲಿ ಅದರ ಎರಡನೆಯ ಆವೃತ್ತಿಯೂ ಬಂತು.

ಇನ್ನು ತಪ್ಪು ತಿದ್ದುವ ಸಂಕೇತಗಳು. ತಪ್ಪನ್ನು ಹಿಡಿಯುವುದು ಒಂದು, ತಪ್ಪು ಎಲ್ಲಿದೆಯೆಂದು ಗುರುತಿಸಿ ತಾನೇ ತಿದ್ದಿಕೊಳ್ಳುವುದು ಇನ್ನೂ ಮೇಲಿನದು. ದೂರದ ಆಕಾಶನೌಕೆಯಿಂದ ಬರುವ ಚಿತ್ರವನ್ನು 'ಸರಿ ಕೇಳಿಸಲಿಲ್ಲ, ಮತ್ತೊಮ್ಮೆ ಹೇಳು' ಎಂದು ಕೇಳುವುದು ಕಷ್ಟ. ಆದ್ದರಿಂದ ಸಂದೇಶದ ಜೊತೆಗೆ ಲೆಕ್ಕ ಹಾಕಿದ ಹೆಚ್ಚುವರಿ ಅಂಕಿಗಳನ್ನು ಕಳಿಸುತ್ತಾರೆ. ಇದರಲ್ಲಿ ಬಿ.ಸಿ.ಎಚ್. ಸಂಕೇತಗಳು ಪ್ರಸಿದ್ಧ. ಫ್ರಾನ್ಸಿನ ಹೊಕೆಂಗೆಮ್ 1959ರಲ್ಲಿ, ನಮ್ಮವರೇ ಆದ ರಾಜ್ ಚಂದ್ರ ಬೋಸ್ ಮತ್ತು ಅವರ ಶಿಷ್ಯ ರಾಯ್ ಚೌಧರಿ 1960ರಲ್ಲಿ, ಬೇರೆ ಬೇರೆಯಾಗಿ ಕಂಡುಹಿಡಿದವು.

ಈ ಸಂಕೇತಗಳಿಗೆ ಒಂದು ವಿಶೇಷ ಅಂಕಗಣಿತ ಬೇಕು. ವಾರದ ಏಳು ದಿನಗಳನ್ನು ನೋಡಿ. 7ಕ್ಕೆ ಬಂದರೆ ಮತ್ತೆ 0. ಈ ಲೆಕ್ಕದಲ್ಲಿ ಸೊನ್ನೆಯಲ್ಲದ ಎರಡು ಸಂಖ್ಯೆಗಳನ್ನು ಗುಣಿಸಿ ಸೊನ್ನೆ ಬರಿಸಲು ಸಾಧ್ಯವೇ ಇಲ್ಲ, ಏಕೆಂದರೆ 7 ಅವಿಭಾಜ್ಯ. ಗಡಿಯಾರದ 12 ಗಂಟೆ ಹಾಗಲ್ಲ. ಮೂರು ಗಂಟೆಯನ್ನು ನಾಲ್ಕು ಸಲ ಸೇರಿಸಿದರೆ 12, ಅಂದರೆ ಸೊನ್ನೆ! ಮೂರೂ ಸೊನ್ನೆಯಲ್ಲ, ನಾಲ್ಕೂ ಸೊನ್ನೆಯಲ್ಲ, ಗುಣಿಸಿದರೆ ಸೊನ್ನೆ. ಇಲ್ಲಿ ಭಾಗಾಕಾರ ಕೈಕೊಡುತ್ತದೆ. ಹಳೆಯ ವಿಧಾನ ವಾರದಂಥ ಗಣಿತಕ್ಕೆ ಒಗ್ಗುತ್ತಿತ್ತು. 12ರಂಥ ಯಾವುದೇ ಸಂಖ್ಯೆಯ ಗಡಿಯಾರದ ಮೇಲೂ ಬಿ.ಸಿ.ಎಚ್. ಸಂಕೇತಗಳನ್ನು ಹೇಗೆ ಕಟ್ಟಬಹುದು ಎಂಬುದನ್ನು ಪ್ರೀತಿ ಶಂಕರ್ 1979ರಲ್ಲಿ ಒಂದು ಅಂತಾರಾಷ್ಟ್ರೀಯ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಆ ಪ್ರಬಂಧಕ್ಕೆ ಅವರೊಬ್ಬರೇ ಲೇಖಕಿ.

ಎರಡು ಹೊಳೆ ಕೂಡಿದ ಜಾಗ

ಒಂದು ಕಡೆ ಸಂಕೇತಗಳು, ಇನ್ನೊಂದು ಕಡೆ ಆಟೊಮಾಟ. ವರ್ಷಗಳ ಕಾಲ ಎರಡೂ ಅಕ್ಕಪಕ್ಕ ಹರಿದವು. 2003ರಲ್ಲಿ ಪ್ರೀತಿ ಶಂಕರ್ ಮತ್ತು ಮೂವರು ಸಹಲೇಖಕರ ಒಂದು ಪ್ರಬಂಧ ಪ್ರಕಟವಾಯಿತು. ಅದರ ಹೆಸರಿನಲ್ಲೇ ವಿಷಯವಿದೆ: ಸಂಕೇತಗಳನ್ನು ಪರಿಮಿತ ಆಟೊಮಾಟನ್ನುಗಳೆಂದು ನೋಡುವುದು.

ಇದನ್ನು ಹೀಗೆ ಊಹಿಸಿಕೊಳ್ಳಿ. ಕುಂಟೆಬಿಲ್ಲೆಯ ಮೂರು ಮನೆಗಳನ್ನು ಒಂದು ಸಾಲಾಗಿ ಬರೆಯಿರಿ. ಪ್ರತಿ ಅಂಕಿಗೂ ಅದೇ ಮನೆಗಳ ಹೊಸ ಸಾಲೊಂದನ್ನು ಮುಂದೆ ಮುಂದೆ ಬರೆಯುತ್ತ ಹೋಗಿ. ಒಂದು ಸಾಲಿನ ಮನೆಯಿಂದ ಮುಂದಿನ ಸಾಲಿನ ಮನೆಗೆ ಗೆರೆ ಎಳೆಯಿರಿ. ಹೀರೇಕಾಯಿ ಬಳ್ಳಿಗೆ ಕಟ್ಟುವ ಹಂದರದಂಥ ಚಿತ್ರ ಮೂಡುತ್ತದೆ. ವಿಜ್ಞಾನಿಗಳೂ ಅದನ್ನು ಹಂದರವೆಂಬ ಅರ್ಥದ ಪದದಿಂದಲೇ ಕರೆಯುತ್ತಾರೆ. ಸಂಕೇತದ ಪ್ರತಿಯೊಂದು ಸರಿಯಾದ ಪದವೂ ಹಂದರದ ಈ ತುದಿಯಿಂದ ಆ ತುದಿಗೆ ಹೋಗುವ ಒಂದು ದಾರಿ. ಕೆಟ್ಟುಹೋದ ಸಂದೇಶ ಬಂದಾಗ ಅದಕ್ಕೆ ಅತ್ಯಂತ ಹತ್ತಿರದ ದಾರಿ ಯಾವುದೆಂದು ಹುಡುಕಿದರೆ ತಪ್ಪು ತಿದ್ದಿದಂತೆ. ಹಂದರದಲ್ಲಿ ಮನೆಗಳು ಹೆಚ್ಚಾದಷ್ಟೂ ಹುಡುಕಾಟ ನಿಧಾನ. ಹಾಗಾಗಿ ಮನೆಗಳನ್ನು ಕಡಿಮೆ ಮಾಡುವುದೇ ಕಸಬುಗಾರಿಕೆ.

ಹಂದರದ ಎರಡು ತುದಿಗಳನ್ನು ಬಳೆಯಂತೆ ಕೂಡಿಸಿಬಿಟ್ಟರೆ ಹೇಗೆ? ತನ್ನ ಬಾಲವನ್ನು ತಾನೇ ಕಚ್ಚಿಕೊಂಡಂಥ ಹಂದರ ಅದು. ಹೊರಟ ಮನೆಗೇ ಮರಳಿ ಬರುವ ದಾರಿಗಳಿಗೆ ಮಾತ್ರ ಇಲ್ಲಿ ಬೆಲೆ. ಲಾಭ ಎಷ್ಟು ದೊಡ್ಡದು ಗೊತ್ತೇ? ಗೊಲೆ ಸಂಕೇತವೆಂಬ 24 ಅಂಕಿಯ ಪ್ರಸಿದ್ಧ ಸಂಕೇತಕ್ಕೆ ಸಾಮಾನ್ಯ ಹಂದರದ ನಡುಭಾಗದಲ್ಲಿ 256 ಮನೆಗಳು ಬೇಕು. ಬಳೆಯಾಗಿ ಕಟ್ಟಿದರೆ 16 ಸಾಕೆಂದು 1999ರಲ್ಲಿ ಕ್ಯಾಲ್ಡರ್‌ಬ್ಯಾಂಕ್, ಫಾರ್ನಿ ಮತ್ತು ವರ್ದಿ ತೋರಿಸಿದರು. 16ರ ವರ್ಗ 256 ಎಂಬುದನ್ನು ಮಕ್ಕಳು ಗಮನಿಸಿರಬಹುದು. ಬೆಂಗಳೂರಿನ ಪ್ರೀತಿ ಶಂಕರ್ ಮತ್ತು ಸಂಗಡಿಗರು ಈ ಬಳೆಯ ಹಂದರಗಳನ್ನು ಆಟೊಮಾಟಾ ಸಿದ್ಧಾಂತದ ಕಣ್ಣಿನಿಂದ ನೋಡಿದರು.

1979ರ ಪ್ರಬಂಧ, 2003ರ ಪ್ರಬಂಧ. ನಡುವೆ 24 ವರ್ಷ. ಇದು ಆರು ತಿಂಗಳ ಕೋರ್ಸಿನಲ್ಲಿ ಆಗುವ ಮಾತಲ್ಲ. ಕಂಪ್ಯೂಟರ್ ಕಲಿತರೆ ಕೂಡಲೇ ಕೆಲಸ ಎಂದು ಗೋಡೆ ಗೋಡೆಗೂ ಬರೆದಿರುವ ಜಾಹೀರಾತುಗಳನ್ನು ಓದಿ ಬೆಳೆದ ನಮಗೆ, ಕಂಪ್ಯೂಟರ್ ಎಂಬುದು ಕುಳಿತು ಚಿಂತಿಸುವ ವಿಷಯವೂ ಹೌದೆಂದು ಯಾರೂ ಹೇಳಲಿಲ್ಲ. 'ಬರೀ ಥಿಯರಿ' ಎಂಬ ಮಾತನ್ನು ನಾನೂ ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಆಡಿದ್ದೇನೆ.

2005ರಲ್ಲಿ ಅವರು ಮತ್ತು ಸಹಲೇಖಕರೊಬ್ಬರು ಅಂತರಜಾಲದಲ್ಲಿ ಓಡಾಡುವ ಒಂದು ಬಗೆಯ ಕಡತಗಳನ್ನು ಆಟೊಮಾಟ ಬಳಸಿ ಕುಗ್ಗಿಸುವ ವಿಧಾನವನ್ನು ಮಂಡಿಸಿದರು. ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಆಟೊಮಾಟಾ ಸಿದ್ಧಾಂತದ ಆಧುನಿಕ ಬಳಕೆಗಳ ಬಗ್ಗೆ ದೀಪಕ್ ಡಿಸೋಜ ಅವರೊಡನೆ ಸಂಪಾದಿಸಿದ ದೊಡ್ಡ ಗ್ರಂಥ ಹೊರಬಂದದ್ದು 2012ರಲ್ಲಿ. ಆ ವೇಳೆಗೆ ಪ್ರೀತಿ ಶಂಕರ್ ಇರಲಿಲ್ಲ.

ಹುಡುಗಿಯ ತಂದೆಗೆ ನಾನು ಕೊಟ್ಟ ಉತ್ತರವನ್ನೂ ಹೇಳಿಬಿಡುತ್ತೇನೆ, ಬೇರೆ ತಂದೆತಾಯಿಯರಿಗೂ ಉಪಯೋಗವಾದೀತು. ಬಿ.ಎಸ್ಸಿ. ಮುಗಿಸಿದವರಿಗೆ ಈ ದಾರಿ ಮುಚ್ಚಿಲ್ಲ. ಚೆನ್ನೈ ಗಣಿತ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಜ್ಞಾನದ ಎಂ.ಎಸ್ಸಿ. ಇದೆ, ಅದಕ್ಕೆ ಅವರದೇ ಪ್ರವೇಶ ಪರೀಕ್ಷೆ. ಆಟೊಮಾಟ ಅಲ್ಲಿ ಗಂಭೀರವಾಗಿ ಕಲಿಸುವ ವಿಷಯ. ಎಂ.ಎಸ್ಸಿ. ಮುಗಿಸಿ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಷಿಪ್ ಪಡೆದು ಪಿಎಚ್.ಡಿ.ಗೆ ಸೇರಿದರೆ, 2023ರಲ್ಲಿ ಪರಿಷ್ಕರಿಸಿದಂತೆ ತಿಂಗಳಿಗೆ 37,000 ರೂಪಾಯಿ. ಅಂದರೆ ಹಾಳೆ ಪೆನ್ಸಿಲ್ ಹಿಡಿದು ಕೂತವರಿಗೂ ಯಾರೋ ಹಣ ಕೊಡುತ್ತಾರೆ. ಆದರೆ ಎಲ್ಲರಿಗೂ ಸಿಗುವುದಿಲ್ಲ, ಸಿಗುವವರೆಗೆ ಕೆಲವು ವರ್ಷ ಕೈಯಿಂದಲೇ ಖರ್ಚು, ಮನೆಯಲ್ಲಿ ತಮ್ಮನ ಓದೂ ಇದೆ. ಅದನ್ನೂ ಮುಚ್ಚಿಡದೆ ಹೇಳಿದೆ. ಕಂಪನಿಯ ಕೆಲಸ ಹಿಡಿದರೆ ತಪ್ಪೆಂದೂ ನಾನು ಹೇಳಲಿಲ್ಲ. ನಾಲ್ಕು ಎಕರೆಯ ಮನೆಯಲ್ಲಿ ಮೊದಲ ಸಂಬಳದ ಬೆಲೆ ಏನೆಂದು ನನಗೂ ಗೊತ್ತು, ನಾನು ಬಂದದ್ದೂ ಅಂಥದೇ ಮನೆಯಿಂದ.

ಅವರು ಬಹಳ ಹೊತ್ತು ಸುಮ್ಮನಿದ್ದರು. "ಆ ಅಮ್ಮಾರು ಬೆಂಗಳೂರಾಗೇ ಇದ್ರಾ ಸಾ, ಅಷ್ಟು ವರ್ಷ?" ಎಂದು ಕೇಳಿದರು. ಹೌದೆಂದೆ. ಕಂಪನಿಯ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದರು.

ಬೇಸಿಗೆಯಲ್ಲಿ ಅವರ ಊರಿನ ಕಡೆ ಹೋಗಿದ್ದಾಗ ಹೊಲಕ್ಕೆ ಕರೆದುಕೊಂಡು ಹೋದರು. ಮಗಳು ಚೆನ್ನೈ ಸಂಸ್ಥೆಯ ಪ್ರವೇಶ ಪರೀಕ್ಷೆ ಬರೆದು ಬಂದಿದ್ದಳು. ಫಲಿತಾಂಶ ಇನ್ನೂ ಬಂದಿರಲಿಲ್ಲ. ಕಂಪನಿಗೆ ಉತ್ತರ ಬರೆಯಲು ನಾಲ್ಕು ದಿನ ಉಳಿದಿತ್ತು. ಪಂಪ್‌ಸೆಟ್ಟಿನ ಗುಡಿಸಲಿನ ಹತ್ತಿರ ನಿಂತಾಗ ನಾನು ನೆಲದ ಮೇಲೆ ಕಡ್ಡಿಯಿಂದ ಎರಡು ಮನೆ ಬರೆದು, ಹಸಿರು ಗುಂಡಿ, ಕೆಂಪು ಗುಂಡಿ, ಕರೆಂಟು ಎಂದು ಗೆರೆ ಎಳೆದು, ಮಗಳು ಓದಬೇಕೆಂದಿರುವುದು ಇಂಥದ್ದನ್ನೇ ಎಂದು ತೋರಿಸಿದೆ. ಅವರು ಕುಕ್ಕರುಗಾಲಿನಲ್ಲಿ ಕೂತು ಚಿತ್ರವನ್ನು ನೋಡಿದರು.

"ಸಾ, ಇದು ತಪ್ಪೈತೆ" ಎಂದರು.

"ಏನು ತಪ್ಪು?"

"ಎರಡಲ್ಲ, ಮೂರು ಮನೆ ಬೇಕು. ಲೋಡ್ ಜಾಸ್ತಿ ಆಗಿ ಟ್ರಿಪ್ ಆದ್ರೆ ಮೋಟ್ರು ನಿಲ್ತತೆ, ಆದ್ರೆ ಆಗ ಹಸಿರು ಒತ್ತಿದ್ರೂ ಹತ್ತಲ್ಲ. ಮೊದ್ಲು ಕೆಂಪು ಒತ್ತಿ, ಆಮೇಲೆ ಹಸಿರು ಒತ್ತಬೇಕು. ನಿಂತಿರೋದು ಬೇರೆ, ಟ್ರಿಪ್ ಆಗಿ ನಿಂತಿರೋದು ಬೇರೆ."

ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡು ಮೂರನೆಯ ಮನೆಯನ್ನು ಅವರೇ ಬರೆದರು. ಗೆರೆಗಳನ್ನೂ ಅವರೇ ಎಳೆದರು. ನಾನು ಒಂದೊಂದಾಗಿ ಪರೀಕ್ಷಿಸಿದೆ. ಎಲ್ಲವೂ ಸರಿಯಾಗಿದ್ದವು.